ಯಾರು ಹೇಳಿದ್ದು ಮೇಷ್ಟ್ರು

ನಮ್ಮ ಮೇಷ್ಟ್ರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಶಾಲು ಹೊದಿಸಿದಂತಾಗುತ್ತದೆ, ಶಾಲು ಅಂದರೆ ಅವರಿಗೆ ಮೈ ಉರಿಯುತ್ತಿತ್ತು. ತುಮಕೂರಿನ ಯಾವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದರು ಎನ್ನುವುದೂ ಬೇಡ. ಅವರ ಕೈಕೆಳಗೆ ಕಲಿತವರಿಗೆ ಅಡ್ಡಹೆಸರೊಂದನ್ನು ಹೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ. ‘ಯಾರು ಹೇಳಿದ್ದು ಮೇಷ್ಟ್ರು’ ಎಂದು ಕರೆಯುತ್ತಿದ್ದೆವು. ನಾವು ಏನೇ ಬರೆದುಕೊಂಡು ಹೋಗಲಿ, ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾರು ಹೇಳಿದ್ದು?’ ಎಂದು ಬರೆದು ವಾಪಸು ಕೊಡುತ್ತಿದ್ದರು. ಕೆಂಪು ಇಂಕು ಮುಟ್ಟುತ್ತಿರಲಿಲ್ಲ. ತಪ್ಪು ಅವರದ್ದೇ ಆಗಿದ್ದರೆ ಅಳಿಸಲು ಬರಬೇಕಲ್ಲ, ಅದಕ್ಕೆ ಪೆನ್ಸಿಲು.

ಅವರು ಹೋಗಿ ಎರಡು ವರ್ಷವಾಯಿತು. ಹೋದಾಗ ನಾನು ಅತ್ತೆ, ನಿಜ, ಆದರೆ ಆ ಅಳುವಿನಲ್ಲಿ ಅರ್ಧಕ್ಕರ್ಧ ತಪ್ಪಿತಸ್ಥಳ ಅಳು. ನನ್ನ ಪಿಎಚ್‌ಡಿಗಾಗಿ ನಾನು ಅವರ ಮಾತನ್ನೇ, ಅದೂ ಅವರು ಜೀವಮಾನದಲ್ಲಿ ಬರೆದ ಅತಿ ಹೆಸರಾದ ಮಾತನ್ನೇ, ನಾಲ್ಕು ಜನರ ಎದುರು ಸುಳ್ಳು ಮಾಡಿದ್ದೆ. ಆಮೇಲೆ ಅವರು ನನ್ನ ಮೇಲೆ ಮುನಿಸಿಕೊಂಡರೋ ಇಲ್ಲವೋ ಎಂಬುದು ನನಗೆ ತಿಳಿಯಲೇ ಇಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಹೋದ ತಿಂಗಳು. ಸಿಕ್ಕಿದ್ದರಿಂದಲೇ ಇದನ್ನು ಬರೆಯಲು ಕೂತಿದ್ದೇನೆ.

ಕೋರದಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು ಓದುತ್ತಿದ್ದ ಹುಡುಗಿ ನಾನು. ಬರವಣಿಗೆ ಅಂದರೆ ಗೈಡಿನಿಂದ ಇಳಿಸುವುದು, ಕೊನೆಗೆ ‘ಒಟ್ಟಿನಲ್ಲಿ ಹೇಳುವುದಾದರೆ’ ಎಂದು ಸೇರಿಸುವುದು ಎಂದು ತಿಳಿದಿದ್ದೆ. ಮೊದಲ ವಾರವೇ ಮೇಷ್ಟ್ರು ತರಗತಿಗೆ ಬಂದು, ಈ ದಿನ ಕ್ಯಾಂಟೀನಿನ ಸಾಂಬಾರು ಉಪ್ಪಾಗಿತ್ತಂತೆ, ಬರೀರಿ ಎಂದರು. ಏನು ಬರೆಯುವುದು ಸರ್ ಎಂದರೆ, ಐದು ಥರ ಬರೀರಿ ಎಂದರು. ಕ್ಯಾಂಟೀನಿನವರಿಗೆ ದೂರು, ಪೇಪರಿಗೆ ಸುದ್ದಿ, ಒಂದು ಲಲಿತ ಪ್ರಬಂಧ, ಚರ್ಚಾಸ್ಪರ್ಧೆಯ ಭಾಷಣ, ಕೊನೆಗೆ ಒಂದು ಸಂಶೋಧನಾ ಲೇಖನ.

ದೂರು, ಸುದ್ದಿ ಸುಲಭವಾಗಿ ಆಯಿತು. ಪ್ರಬಂಧದಲ್ಲಿ ನಮ್ಮಜ್ಜಿಯ ಕೈರುಚಿಯನ್ನೆಲ್ಲ ಸುರಿದೆ. ಭಾಷಣದಲ್ಲಿ ಉಪ್ಪಿನ ಸತ್ಯಾಗ್ರಹವನ್ನೇ ಎಳೆದು ತಂದೆ. ಸಂಶೋಧನಾ ಲೇಖನದಲ್ಲಿ ಮಾತ್ರ ‘ಸಾಂಬಾರು ಉಪ್ಪಾಗಿತ್ತು’ ಎಂಬ ಮೊದಲ ಸಾಲಿನ ಪಕ್ಕದಲ್ಲೇ ಪೆನ್ಸಿಲು ಕೂತಿತ್ತು. ಯಾರು ಹೇಳಿದ್ದು? ನೀನು ತಿಂದೆಯಾ? ನೀನೊಬ್ಬಳೇ ತಿಂದೆಯಾ? ತಿಂದವರಲ್ಲಿ ಉಪ್ಪಾಗಲಿಲ್ಲ ಅಂದವರು ಎಷ್ಟು ಜನ? ಅವರನ್ನು ಎಲ್ಲಿ ಬಿಟ್ಟೆ? ನಿಜ ಹೇಳಬೇಕೆಂದರೆ ನಾನು ಆ ದಿನ ಮನೆಯಿಂದ ಮುದ್ದೆ ಬುತ್ತಿ ತಂದಿದ್ದೆ, ಕ್ಯಾಂಟೀನಿನ ಕಡೆ ತಲೆಯೇ ಹಾಕಿರಲಿಲ್ಲ. ತರಗತಿಯಲ್ಲಿ ಮುಕ್ಕಾಲು ಜನ ಹಾಗೆಯೇ. ಉಪ್ಪಾಗಿತ್ತಂತೆ ಎಂದು ಮೇಷ್ಟ್ರು ಅಂದದ್ದನ್ನೇ ವೇದವಾಕ್ಯ ಅಂದುಕೊಂಡು ಐವತ್ತು ಜನ ಐದೈದು ಥರ ಬರೆದಿದ್ದೆವು. ಸಾಂಬಾರು ಚೆನ್ನಾಗಿಯೇ ಇತ್ತಂತೆ, ಅವರೇ ಎರಡು ಸಲ ಹಾಕಿಸಿಕೊಂಡಿದ್ದರಂತೆ.

‘ಭಾಷಣದಲ್ಲಿ ನೀನು ಜನರನ್ನ ನಿನ್ನ ಕಡೆ ಕರ್ಕೋಬೇಕು. ಪ್ರಬಂಧದಲ್ಲಿ ಪಕ್ಕದಲ್ಲಿ ಕೂರಿಸ್ಕೋಬೇಕು. ಸಂಶೋಧನೆ ಅಂದ್ರೆ ನಿನ್ನ ಮನೆ ಬೀಗದ ಕೈ ಪರರಿಗೆ ಕೊಟ್ಟುಬಿಡೋದು ಕಣಮ್ಮ. ಬಂದು ಹುಡುಕ್ಕೊಳ್ಳಿ, ಎಲ್ಲಿ ಏನಿಟ್ಟಿದೀನಿ ನೋಡ್ಕೊಳ್ಳಿ ಅಂತ.’ ಇದನ್ನು ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಾ ಹೇಳಿದರು. ಕನ್ನಡಕ ಒರೆಸುತ್ತಿದ್ದಾರೆ ಅಂದರೆ ಮುಖ್ಯವಾದದ್ದು ಬರುತ್ತಿದೆ ಎಂದು ನಾವೆಲ್ಲ ಪೆನ್ನು ಎತ್ತಿಕೊಳ್ಳುತ್ತಿದ್ದೆವು.

ವಿಮರ್ಶೆಯ ವಿಷಯದಲ್ಲಂತೂ ಊರಿನಲ್ಲಿ ಅವರಿಗೆ ಒಳ್ಳೆಯ ಹೆಸರಿರಲಿಲ್ಲ. ನಮ್ಮ ಕಡೆ ಪುಸ್ತಕ ಬಿಡುಗಡೆ ಅಂದರೆ ನಿಮಗೆ ಗೊತ್ತಲ್ಲ, ಹಾರ, ಪೇಟ, ಹಣ್ಣಿನ ಬುಟ್ಟಿ, ಕವಿಯನ್ನು ಹೊಗಳಲು ನಾಲ್ಕು ಜನ. ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಕವನ ಸಂಕಲನದ ಬಗ್ಗೆ ಮಾತಾಡಬೇಕೆಂದು ಮನೆಗೇ ಬಂದು ಕರೆದರು. ಅಭಿನಂದನೆ ಬೇಕೋ ವಿಮರ್ಶೆ ಬೇಕೋ ಎಂದು ಮೇಷ್ಟ್ರು ಮೊದಲೇ ಕೇಳಿದರು. ಪಾಪ, ಅವರು ದೊಡ್ಡತನದಿಂದ ವಿಮರ್ಶೆಯೇ ಇರಲಿ ಎಂದರು. ಸಭೆಯಲ್ಲಿ ಮೇಷ್ಟ್ರು, ಈ ಸಂಕಲನದಲ್ಲಿ ಮೂರು ಒಳ್ಳೆಯ ಪದ್ಯಗಳಿವೆ ಎಂದು ಶುರು ಮಾಡಿ, ಆ ಮೂರೂ ಯಾಕೆ ಒಳ್ಳೆಯವು ಎಂದು ಮುಕ್ಕಾಲು ಗಂಟೆ ಬಹಳ ಚೆನ್ನಾಗಿ ಹೇಳಿದರು. ಉಳಿದ ಅರವತ್ತರ ಬಗ್ಗೆ ತುಟಿ ಬಿಚ್ಚಲಿಲ್ಲ. ಅವತ್ತಿನಿಂದ ಅವರನ್ನು ಯಾರೂ ಬಿಡುಗಡೆಗೆ ಕರೆಯಲಿಲ್ಲ. ಆ ಕವಿ ಮಾತ್ರ ಆಮೇಲೆ ವಾರಕ್ಕೊಮ್ಮೆ ಶೆಟ್ಟಿಹಳ್ಳಿಯಲ್ಲಿದ್ದ ಮೇಷ್ಟ್ರ ಮನೆಗೆ ಹೊಸ ಪದ್ಯ ಹಿಡಿದುಕೊಂಡು ಬರುತ್ತಿದ್ದರು.

ಶನಿವಾರ ಮಧ್ಯಾಹ್ನ ಚರ್ಚಾಕೂಟ. ಅಲ್ಲಿ ಅವರದೊಂದು ಕಟ್ಟಳೆ ಇತ್ತು, ಅದನ್ನು ‘ಒಪ್ಪಿಸೋದು’ ಎನ್ನುತ್ತಿದ್ದೆವು. ಎದುರಿನವನಿಗೆ ಉತ್ತರ ಕೊಡುವ ಮೊದಲು ಅವನು ಹೇಳಿದ್ದನ್ನು ನೀವು ನಿಮ್ಮ ಬಾಯಲ್ಲಿ ಒಪ್ಪಿಸಬೇಕು. ಅವನು ಕೇಳಿ ‘ಹೌದು’ ಅನ್ನಬೇಕು. ಅಂದರೆ ಮಾತ್ರ ನಿಮಗೆ ಮಾತಾಡುವ ಸರದಿ. ಅನ್ನದಿದ್ದರೆ ಮತ್ತೆ ಒಪ್ಪಿಸಿ. ನಾನು ಮೊದಲ ಸಲ ನಿಂತಾಗ ನಾಲ್ಕು ಸಲ ಒಪ್ಪಿಸಿದರೂ ಎದುರಿದ್ದ ಕುಣಿಗಲ್ಲಿನ ಹುಡುಗ ‘ಹೌದು’ ಅನ್ನಲಿಲ್ಲ. ಬೇಕೆಂದೇ ಸತಾಯಿಸುತ್ತಿದ್ದಾನೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಐದನೆಯ ಸಲ ಹೇಳುವಾಗ ನನಗೇ ಗೊತ್ತಾಯಿತು, ಅವನು ಹೇಳಿದ್ದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಅವನು ಮಾತಾಡುವಾಗ ನಾನು ನನ್ನ ಉತ್ತರವನ್ನು ಜೋಡಿಸಿಕೊಳ್ಳುತ್ತಾ ಕೂತಿದ್ದೆ.

ಅದೇ ವರ್ಷ ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ವಿಷಯ, ಯಂತ್ರಗಳು ಜನಪದವನ್ನು ನುಂಗಿದವೇ ಎಂಬುದು. ನುಂಗಿದವು ಎಂದು ಗಂಟಲು ಹರಿದುಕೊಂಡು, ಕೊನೆಗೆ ಮೇಷ್ಟ್ರ ಸಾಲನ್ನೇ ಹೇಳಿ ಇಳಿದೆ. ‘ಬೀಸುವ ಕಲ್ಲು ಮೂಲೆ ಸೇರಿದ ದಿನ ಹಾಡೂ ಮೂಲೆ ಸೇರಿತು.’ ಚಪ್ಪಾಳೆಯೋ ಚಪ್ಪಾಳೆ. ಇದು ಅವರು ವಯಸ್ಸಿನಲ್ಲಿದ್ದಾಗ ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ ಬೀಸುವ ಪದಗಳ ಮೇಲೆ ಬರೆದ ಲೇಖನದ ಸಾಲು. ಹಿಟ್ಟಿನ ಗಿರಣಿ ಬಂದ ಮೇಲೆ ಆ ಹಾಡುಗಳು ನಿಂತುಹೋದವು ಎನ್ನುವುದು ಲೇಖನದ ತಿರುಳು. ಒಂದು ಸಂಕಲನದಲ್ಲಿ ಅಚ್ಚಾಗಿ ಎಲ್ಲ ಲೈಬ್ರರಿಗಳಿಗೂ ಹೋಗಿತ್ತು. ನಮ್ಮ ಜಿಲ್ಲೆಯಲ್ಲಿ ಜನಪದದ ಬಗ್ಗೆ ಮೈಕು ಹಿಡಿದವರೆಲ್ಲ ಆ ಸಾಲನ್ನು ಹೇಳದೆ ಕೂರುತ್ತಿರಲಿಲ್ಲ.

ಕಪ್ಪು ಹಿಡಿದು ಓಡೋಡಿ ಬಂದು ತೋರಿಸಿದೆ. ಖುಷಿಪಟ್ಟರು. ಆಮೇಲೆ ಮೆಲ್ಲಗೆ, ಆ ಕೊನೇ ಸಾಲು ಯಾರು ಹೇಳಿದ್ದು ಎಂದರು. ನೀವೇ ಸರ್ ಎಂದೆ. ‘ನಾನು ಹೇಳಿದ್ರೆ ಆಗೋಯ್ತಾ?’ ಎಂದು ನಕ್ಕರು. ನಾನೂ ನಕ್ಕೆ. ಆ ಪ್ರಶ್ನೆಯನ್ನು ತಮಾಷೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು.

ಎಂಎ ಮುಗಿಸಿ ಪಿಎಚ್‌ಡಿಗೆ ಸೇರಿಕೊಳ್ಳುವ ಹೊತ್ತಿಗೆ ಮೇಷ್ಟ್ರು ನಿವೃತ್ತರಾಗಿದ್ದರು. ನನ್ನ ಗೈಡು ಬೇರೆಯವರು. ಹೆಂಗಸರ ಕೆಲಸದ ಹಾಡುಗಳು ಎಂಬ ವಿಷಯ ಹಿಡಿದು ನಾನು ಮೇಷ್ಟ್ರು ಸುತ್ತಿದ ಹಳ್ಳಿಗಳನ್ನೇ ಮತ್ತೆ ಸುತ್ತಲು ಹೊರಟೆ. ಅವರು ಹೇಳಿದ್ದನ್ನು ಪರೀಕ್ಷಿಸುವ ಯೋಚನೆ ದೇವರಾಣೆಗೂ ಇರಲಿಲ್ಲ. ಅದಕ್ಕೆ ಇನ್ನೊಂದಿಷ್ಟು ಸಾಕ್ಷಿ ಸೇರಿಸಿ ಬೆನ್ನು ತಟ್ಟಿಸಿಕೊಳ್ಳೋಣ ಎಂದಿತ್ತು.

ಬಿದರೆಹಳ್ಳಿ ಕಾವಲಿನ ಕಡೆಯ ಒಂದು ಹಳ್ಳಿಯಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು, ನೆರಳಿದೆ ಎಂದು ಅಲ್ಲಿ ಹೋಗಿ ಕೂತೆ. ಐದಾರು ಹೆಂಗಸರು ರಾಗಿ ಚೀಲದ ಮೇಲೆ ಕೂತು ಕರೆಂಟಿಗೆ ಕಾಯುತ್ತಿದ್ದರು. ಕಾಯುತ್ತಾ ಕಾಯುತ್ತಾ ಒಬ್ಬಜ್ಜಿ ಸಣ್ಣಗೆ ಒಂದು ಪದ ಎತ್ತಿಕೊಂಡಳು, ಉಳಿದವರು ಸೇರಿಸಿದರು. ನನ್ನ ಕಿವಿ ನೆಟ್ಟಗಾಯಿತು. ಮೇಷ್ಟ್ರ ಲೇಖನದಲ್ಲಿ ‘ಈಗ ಯಾರ ಬಾಯಲ್ಲೂ ಉಳಿದಿಲ್ಲ’ ಎಂದು ಬರೆದಿದ್ದ ಪದ ಅದು. ಅಜ್ಜಿ, ಇದು ನಿಂತುಹೋಗಿದೆ ಅಂತಾರಲ್ಲ ಎಂದೆ.

‘ಯಾರವ್ವ ಹೇಳಿದ್ದು?’ ಎಂದಳು ಅಜ್ಜಿ. ‘ಕಲ್ಲು ಬುಟ್ವಿ ಕಣವ್ವ, ಬಾಯಿ ಬುಟ್ಟಿಲ್ಲ. ಮಿಲ್ಲು ಬಂದ ಮೇಲೆ ಇನ್ನೂ ಜಾಸ್ತಿ ಹಾಡಿದೀವಿ. ಮನೇಲಾದ್ರೆ ಒಬ್ಬಳೇ, ಇಲ್ಲಿ ಊರೋರೆಲ್ಲ ಸಿಗ್ತೀವಲ್ಲ.’

ಹಿಂದೆ ಒಬ್ಬ ಮೇಷ್ಟ್ರು ಬಂದು ಕೇಳಿದ್ದರಂತಲ್ಲ ಎಂದು ಹೆದರುತ್ತಲೇ ಬಾಯಿಬಿಟ್ಟೆ. ಅಜ್ಜಿಗೆ ನೆನಪಿತ್ತು. ‘ಬಂದಿದ್ರು, ಟೇಪು ತಗಲಾಕ್ಕಂಡು. ಗಂಡಸ್ರು ಎದುರಿಗೆ ಕೂತ್ಕಂಡ್ರೆ ಹಾಡಕಾಯ್ತದಾ? ನಿಂತೋಯ್ತು ಸ್ವಾಮಿ, ಮಿಲ್ಲು ಬಂತಲ್ಲ ಅಂದ್ವಿ. ಪಾಪ, ಬರ್ಕಂಡು ಹೋದ್ರು.’ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಆಮೇಲೆ ಒಂದು ವರ್ಷ ನಾನೂ ರಾಗಿ ಚೀಲ ಹಿಡಿದು ಗಿರಣಿಯಿಂದ ಗಿರಣಿಗೆ ತಿರುಗಿದೆ. ಕುಣಿಗಲ್ ಕಡೆಯೂ ಅದೇ ಕತೆ. ಗಾರ್ಮೆಂಟ್ಸಿಗೆ ಹೋಗುವ ವ್ಯಾನುಗಳಲ್ಲಿ ಸೊಸೆಯರ ಬಾಯಲ್ಲಿ ಅದೇ ಧಾಟಿ, ಮಾತು ಮಾತ್ರ ಹೊಸದು, ಬೀಸುವ ಕಲ್ಲಿನ ಜಾಗದಲ್ಲಿ ಸೂಪರ್‌ವೈಸರ್. ಸಾಕ್ಷಿ ರಾಶಿ ಬಿತ್ತು. ಬರೆಯಲು ಕೂತರೆ ಕೈ ಓಡಲಿಲ್ಲ. ನನಗೆ ಬರೆಯುವುದನ್ನೇ ಕಲಿಸಿದವರ ಒಂದೇ ಒಂದು ಹೆಸರಾದ ಸಾಲನ್ನು ನಾನೇ ಹೊಡೆದು ಹಾಕುವುದೇ? ಗೈಡನ್ನು ಕೇಳಿದೆ. ಅವರು ಲೋಕ ಕಂಡವರು. ಹಿರಿಯರು, ಯಾಕೆ ನೋಯಿಸ್ತೀಯ, ಒಂದು ಅಡಿಟಿಪ್ಪಣಿ ಹಾಕಿ ಮುಂದೆ ಹೋಗು ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ‘ಪೂಜ್ಯ ಗುರುಗಳ ಅಮೂಲ್ಯ ಒಳನೋಟಕ್ಕೆ ಪೂರಕವಾಗಿ ಕೆಲವೆಡೆ ಅಪವಾದಗಳೂ ಕಂಡುಬಂದಿವೆ’ ಎಂದು ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದೆ. ಒಂದು ವರ್ಷದ ಓಡಾಟವನ್ನು ಅಷ್ಟರಲ್ಲಿ ಮುಚ್ಚಿಬಿಟ್ಟೆ.

ಕರಡನ್ನು ಮೇಷ್ಟ್ರಿಗೂ ಒಮ್ಮೆ ತೋರಿಸದಿದ್ದರೆ ಹೇಗೆ ಎಂದು ಕೊಟ್ಟುಬಂದಿದ್ದೆ. ವಾರ ಬಿಟ್ಟು ಹೋದರೆ ಕರಡು ಮೇಜಿನ ಮೇಲೆ ಆ ಪುಟಕ್ಕೇ ತೆರೆದಿತ್ತು. ಅಡಿಟಿಪ್ಪಣಿಯ ಪಕ್ಕದಲ್ಲಿ ಪೆನ್ಸಿಲು, ‘ಇದು ಸನ್ಮಾನಪತ್ರ. ಪ್ರಬಂಧ ಎಲ್ಲಿ?’

‘ಅಪವಾದ ಎಷ್ಟಮ್ಮ ಸಿಕ್ಕಿದ್ದು?’ ಎಂದರು. ಅಪವಾದವಲ್ಲ ಸರ್, ಎಲ್ಲ ಕಡೆಯೂ ಎಂದೆ. ಟೇಪು ಹಿಡಿದ ಮೇಷ್ಟ್ರ ಕತೆಯನ್ನೂ ತಲೆ ತಗ್ಗಿಸಿಕೊಂಡು ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಕೈಯಲ್ಲಿ ಹಿಡಿದುಕೊಂಡರು. ‘ಇಲ್ಲಿಗೆ ನನಗೆ ಶಾಲು ಹೊದಿಸಕ್ಕೆ ಬಂದಿದೀಯಾ, ಪಿಎಚ್‌ಡಿ ಮಾಡಕ್ಕೆ ಬಂದಿದೀಯಾ? ಇದು ಅಡಿಟಿಪ್ಪಣಿ ಅಲ್ಲ, ನಿನ್ನ ನಾಲ್ಕನೇ ಅಧ್ಯಾಯ. ಹೋಗಿ ಬರಿ’ ಎಂದರು. ದನಿ ಗಟ್ಟಿಯಾಗಿಯೇ ಇತ್ತು. ಮುಖ ಮಾತ್ರ ಸಪ್ಪಗಾಗಿತ್ತು, ಅದನ್ನು ನಾನು ನೋಡಿದೆ.

ಬರೆದೆ. ಮೌಖಿಕ ಪರೀಕ್ಷೆಯ ದಿನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಮೇಷ್ಟ್ರು ಕೊನೆಯ ಸಾಲಿನಲ್ಲಿ ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರ ಪ್ರಶ್ನೆ ಮುಗಿದು, ಸಭಿಕರು ಯಾರಾದರೂ ಕೇಳಬಹುದು ಎಂದರು. ಅದು ಬಾಯುಪಚಾರ, ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಎಲ್ಲರ ಕಣ್ಣೂ ಹೊರಗಿನ ಕೇಸರಿಬಾತಿನ ಮೇಲೆ. ಮೇಷ್ಟ್ರು ಎದ್ದು ನಿಂತರು. ನಾಲ್ಕನೇ ಅಧ್ಯಾಯದಲ್ಲಿ ಈ ಅಭ್ಯರ್ಥಿ ತಪ್ಪು ಅಂತ ತೋರಿಸಿರುವ ಲೇಖನ ಬರೆದವನು ನಾನೇ ಎಂದರು. ಗೈಡು ನನ್ನ ಮುಖ ನೋಡಿದರು, ಹೇಳಿರಲಿಲ್ಲವೇ ಅನ್ನುವ ಹಾಗೆ.

‘ಮೊದಲು ನಾನು ಹೇಳಿದ್ದನ್ನ ಒಪ್ಪಿಸಮ್ಮ’ ಎಂದರು.

ಒಪ್ಪಿಸಿದೆ. ಅವರು ಹೋದ ಹಳ್ಳಿಗಳು, ಕೇಳಿದ ಪ್ರಶ್ನೆ, ಆ ಕಾಲದಲ್ಲಿ ಹಾಗೆ ತೀರ್ಮಾನಿಸಲು ಇದ್ದ ಕಾರಣ, ಕಲ್ಲಿಗೂ ಹಾಡಿನ ಲಯಕ್ಕೂ ಅವರು ತೋರಿಸಿದ ನಂಟು, ಒಂದನ್ನೂ ಬಿಡಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ‘ಹೌದು’ ಎಂದರು. ಆಮೇಲೆ ನಾನು ಕಂಡದ್ದನ್ನು ಹೇಳಿದೆ. ಮುಗಿಯಿತು ಅಂದುಕೊಂಡರೆ ಇಲ್ಲ. ‘ಆ ಹೆಂಗಸರು ನನಗೆ ಸುಳ್ಳು ಹೇಳಿದ್ರು ಅಂತೀಯ. ನಿನಗೆ ನಿಜ ಹೇಳಿದ್ರು ಅಂತ ಹೇಗೆ ನಂಬೋದು?’

ಪರೀಕ್ಷಕರು ಯಾರೂ ಕೇಳದ ಪ್ರಶ್ನೆ. ‘ನಾನು ಕೇಳಲಿಲ್ಲ ಸರ್’ ಎಂದೆ. ‘ರಾಗಿ ಚೀಲ ಇಟ್ಕೊಂಡು ಸುಮ್ನೆ ಸಾಲಲ್ಲಿ ಕೂತೆ. ಅವರೇ ಹಾಡಿದ್ರು.’

ಮೇಷ್ಟ್ರು ಒಂದು ಸಲ ತಲೆಯಾಡಿಸಿ ಕೂತರು. ಡಿಗ್ರಿ ಕೊಡಬಹುದೆಂದು ಪರೀಕ್ಷಕರು ಘೋಷಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಬೇಡವೆಂದರೂ ಬಿಡದೆ ಹೊದಿಸಬೇಕೆಂದು ಒಂದು ಶಾಲು ತಂದಿದ್ದೆ, ಅದನ್ನು ಹಿಡಿದು ಹಿಂದಕ್ಕೆ ಹೋದರೆ ಕುರ್ಚಿ ಖಾಲಿ. ಕೇಸರಿಬಾತೂ ಮುಟ್ಟದೆ ಹೊರಟುಹೋಗಿದ್ದರು.

ಮಾರನೆಯ ದಿನ ಫೋನು ಮಾಡಿದೆ. ಅವರ ಮನೆಯಮ್ಮ ಎತ್ತಿಕೊಂಡು, ಗುಬ್ಬಿಗೆ ಹೋಗಿದಾರೆ ಕಣಮ್ಮ ಎಂದರು. ಎರಡು ದಿನ ಬಿಟ್ಟು ಮಾಡಿದರೆ ಕುಣಿಗಲ್ಲಿಗೆ ಹೋಗಿದ್ದರು. ಮುಂದಿನ ವಾರ ಮತ್ತೆ ಗುಬ್ಬಿ. ಏನು ಕೆಲಸವೋ, ನನಗೂ ಹೇಳೋದಿಲ್ಲ ಎಂದು ಆಯಮ್ಮ ಗೊಣಗಿದರು. ಎಪ್ಪತ್ತರ ಹತ್ತಿರದ ಮನುಷ್ಯ ದಿನಾ ಬಸ್ಸು ಹತ್ತಿ ಊರೂರು ಸುತ್ತುತ್ತಾರೆಯೇ? ನನ್ನ ಮುಖ ನೋಡಲು ಇಷ್ಟವಿಲ್ಲದೆ ಹೇಳಿಸುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಆಮೇಲೆ ಫೋನು ಮಾಡುವುದನ್ನೇ ಬಿಟ್ಟೆ. ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಹೇಳಲಿಲ್ಲ. ಅವರು ಆಸ್ಪತ್ರೆ ಸೇರಿದಾಗ ಹೋಗಿ ನೋಡಿದೆ. ಈಗೇನು ಬರೀತಿದೀಯಮ್ಮ ಎಂದಷ್ಟೇ ಕೇಳಿದರು. ಏನಿಲ್ಲ ಸರ್ ಎಂದೆ. ಅದೇ ಕೊನೆ. ಶಾಲು ನನ್ನ ಬೀರುವಿನಲ್ಲಿ ಮಡಿಸಿದ ಹಾಗೇ ಇತ್ತು, ಬಟ್ಟೆ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಹೋದ ತಿಂಗಳು ನನ್ನ ಎಂಎ ತರಗತಿಯ ಗುಬ್ಬಿಯ ಹುಡುಗಿಯೊಬ್ಬಳು ಒಂದು ಹಳೆಯ ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಅವಳ ಊರಿನ ಲೈಬ್ರರಿಯದು. ಮೇಡಂ, ಇದರಲ್ಲಿ ನಿಮ್ಮ ಹೆಸರಿದೆ ಎಂದಳು. ಮೇಷ್ಟ್ರ ಲೇಖನವಿದ್ದ ಅದೇ ಸಂಕಲನ, ನಾನು ಒಂದನೇ ತರಗತಿಗೂ ಹೋಗದಿದ್ದಾಗ ಅಚ್ಚಾದದ್ದು. ನನ್ನ ಹೆಸರು ಎಲ್ಲಿಂದ ಬರಬೇಕು ಎಂದು ತೆರೆದೆ. ಲೇಖನದ ಮೊದಲ ಪುಟಕ್ಕೆ ಒಂದು ಚೀಟಿಯನ್ನು ನೀಟಾಗಿ ಗೋಂದು ಹಚ್ಚಿ ಅಂಟಿಸಿತ್ತು. ಮೇಷ್ಟ್ರ ಅಕ್ಷರ. ಈ ಸಲ ಪೆನ್ಸಿಲಲ್ಲ, ಇಂಕು.

‘ಓದುಗರಲ್ಲಿ ವಿನಂತಿ. ಈ ಲೇಖನದ ಮುಖ್ಯ ಮಾತು ತಪ್ಪು. ಹಾಡು ನಿಂತಿಲ್ಲ. ಯಾರು ಹೇಳಿದ್ದು ಎಂದರೆ, ನನ್ನ ವಿದ್ಯಾರ್ಥಿನಿ.’ ಅದರ ಕೆಳಗೆ ನನ್ನ ಹೆಸರು, ಊರು ಕೋರ, ಮಹಾಪ್ರಬಂಧದ ನಾಲ್ಕನೇ ಅಧ್ಯಾಯ, ಪುಟಸಂಖ್ಯೆ ಸಮೇತ. ಅವರ ಸಹಿ. ತಾರೀಖು, ನನ್ನ ಮೌಖಿಕ ಪರೀಕ್ಷೆಯ ಮಾರನೆಯ ದಿನದ್ದು.

ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಆದರೆ ಒಂದು ಪ್ರತಿ ನೋಡಿ ನಂಬಿದರೆ ಅವರ ಶಿಷ್ಯೆ ಹೇಗಾದೇನು? ಒಂದು ದಿನ ರಜೆ ಹಾಕಿ ಕುಣಿಗಲ್ಲಿಗೆ ಹೋದೆ. ಅಲ್ಲಿನ ಪ್ರತಿಯಲ್ಲೂ ಚೀಟಿ ಇತ್ತು. ತುಮಕೂರಿನ ಲೈಬ್ರರಿಯಲ್ಲಿ ಎರಡು ಪ್ರತಿ, ಎರಡರಲ್ಲೂ ಇತ್ತು. ಗುಬ್ಬಿಯ ಕಾಲೇಜೊಂದರಲ್ಲಿ ಲೈಬ್ರರಿಯಾತನಿಗೆ ಅವರ ನೆನಪಿತ್ತು. ಬಟ್ಟೆ ಚೀಲದಲ್ಲಿ ಗೋಂದಿನ ಬಾಟಲಿ ಇಟ್ಟುಕೊಂಡು ಬಂದಿದ್ದರಂತೆ, ಪ್ರತಿ ಯಾರೋ ಮನೆಗೆ ಒಯ್ದಿದ್ದಾರೆ ಎಂದಾಗ ಮುಂದಿನ ವಾರ ಮತ್ತೆ ಬಂದರಂತೆ. ಆಯಮ್ಮ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ನಿಜ. ನಾನು ಕೇಳಿಸಿಕೊಳ್ಳಲೇ ಇಲ್ಲ, ನನ್ನ ಉತ್ತರವನ್ನು ಜೋಡಿಸುತ್ತಾ ಕೂತಿದ್ದೆ, ಚರ್ಚಾಕೂಟದ ಮೊದಲ ದಿನದ ಹಾಗೇ.

ಎಲ್ಲ ಚೀಟಿಗಳಲ್ಲೂ ಸಹಿಯ ಕೆಳಗೆ ಒಂದು ಸಾಲು ಹೆಚ್ಚಿಗೆ ಇದೆ. ‘ಇವಳ ಮಾತೂ ತಪ್ಪೆಂದು ಮುಂದೆ ಯಾರಾದರೂ ತೋರಿಸಿದರೆ ಬರೆಯಲು ಇಲ್ಲಿ ಜಾಗ ಬಿಟ್ಟಿದ್ದೇನೆ.’ ಅದರಡಿ ಮೂರು ಬೆರಳಗಲ ಖಾಲಿ.

ಆ ಗುಬ್ಬಿಯ ಹುಡುಗಿಗೆ ಪುಸ್ತಕ ವಾಪಸು ಕೊಡುವಾಗ ಅವಳು ಹೋಗದೆ ನಿಂತಿದ್ದಳು. ಏನೇ ಎಂದೆ. ನಿಮ್ಮ ನಾಲ್ಕನೇ ಅಧ್ಯಾಯ ತಂದು ಓದಿದೆ ಮೇಡಂ ಎಂದಳು. ನೆಲ ನೋಡುತ್ತಾ, ‘ವ್ಯಾನಿನ ಹಾಡಿನ ಬಗ್ಗೆ ನೀವು ಬರೆದಿರೋದು ನನಗೆ ಸರಿ ಅನ್ನಿಸ್ಲಿಲ್ಲ ಮೇಡಂ. ನಮ್ಮಮ್ಮ ಅದೇ ವ್ಯಾನಲ್ಲಿ ಹೋಗ್ತಾರೆ’ ಎಂದಳು.

ಎದೆಯಲ್ಲಿ ಚುರ್ ಅಂದದ್ದು ಸುಳ್ಳಲ್ಲ. ಮೇಷ್ಟ್ರ ಮುಖ ಅವತ್ತು ಯಾಕೆ ಸಪ್ಪಗಾಗಿತ್ತು ಎಂದು ಆಗ ಗೊತ್ತಾಯಿತು, ಅವರು ಕರಡನ್ನು ವಾಪಸು ಕೊಟ್ಟ ದೊಡ್ಡತನವೂ ಗೊತ್ತಾಯಿತು. ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿಕೊಂಡೆ. ಪಕ್ಕದ ಕುರ್ಚಿ ಎಳೆದು ಅವಳಿಗೆ ಕೂರಲು ಹೇಳಿದೆ.

‘ಮೊದಲು ನಾನು ಏನು ಹೇಳಿದೀನೋ ಅದನ್ನ ಒಪ್ಪಿಸು’ ಎಂದೆ.

ಅವಳು ಒಪ್ಪಿಸಿದಳು. ಒಂದೇ ಸಲಕ್ಕೆ, ನಾನು ಬರೆದದ್ದಕ್ಕಿಂತ ಚೆನ್ನಾಗಿ.

‘ಹೌದು’ ಎಂದೆ. ‘ಈಗ ಹೇಳು.’